ಮಗುವಿನ ಕಣ್ಣಿನ ಪೊರೆ: ಬಲಿಯಲಿ ಎಂದು ಕಾಯುವಂತಿಲ್ಲ

ಪಾಪೆಯ ಹಿಂದಿರುವ ಮಸೂರ ಮಬ್ಬಾಗುವುದೇ ಪೊರೆ. ಅಜ್ಜಿಯ ಪೊರೆಯನ್ನು ತಡವಾಗಿ ತೆಗೆದರೂ ಸಾಮಾನ್ಯವಾಗಿ ನೋಟ ಮರಳುತ್ತದೆ. ಮಗುವಿನದು ಹಾಗಲ್ಲ. ಮಿದುಳು ನೋಡಲು ಕಲಿಯುವುದೇ ಎಳವೆಯಲ್ಲಿ. ಆಗ ಸ್ಪಷ್ಟ ಬಿಂಬ ಸಿಗದಿದ್ದರೆ, ಪೊರೆ ಹೋದ ಮೇಲೂ ದೃಷ್ಟಿ ಮಂದವಾಗಿಯೇ ಉಳಿಯುತ್ತದೆ.

ಕಾರಣಗಳು

ವಂಶವಾಹಿ ದೋಷ, ಗರ್ಭಿಣಿಗೆ ತಗಲಿದ ರುಬೆಲ್ಲಾ, ಡೌನ್ ಸಿಂಡ್ರೋಮ್, ಹಾಲಿನ ಗ್ಯಾಲಕ್ಟೋಸ್ ಅರಗದ ಗ್ಯಾಲಕ್ಟೋಸೀಮಿಯಾ ಮುಖ್ಯವಾದವು. ದೊಡ್ಡ ಮಕ್ಕಳಲ್ಲಿ ಚಿನ್ನಿದಾಂಡು, ಪಟಾಕಿಯ ಪೆಟ್ಟು, ದೀರ್ಘಕಾಲದ ಸ್ಟೀರಾಯ್ಡ್ ಕೂಡ ಕಾರಣ. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ 2017ರಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈ ಲಸಿಕೆಯನ್ನು 9 ಮತ್ತು 16–24 ತಿಂಗಳಲ್ಲಿ ಹಾಕಲಾಗುತ್ತದೆ.

ಹಂತ 1: ಮನೆಯಲ್ಲಿ ಗಮನಿಸುವುದು

ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಕಂಡರೆ ಅದು ಎಚ್ಚರಿಕೆ. ಮೂರು ತಿಂಗಳಾದರೂ ಕೂಸು ತಾಯಿಯ ಮುಖವನ್ನು ಹಿಂಬಾಲಿಸದಿರುವುದು, ಕಣ್ಣುಗುಡ್ಡೆ ಓಲಾಡುವುದು, ಮೆಳ್ಳೆಗಣ್ಣು ಇತರ ಲಕ್ಷಣಗಳು. ಬಿಳಿ ಪಾಪೆ ಕಣ್ಣಿನ ಕ್ಯಾನ್ಸರ್‌ನ ಗುರುತೂ ಆಗಿರಬಹುದಾದ್ದರಿಂದ ತಡ ಸಲ್ಲದು.

ಹಂತ 2: ಎಲ್ಲಿಗೆ ಹೋಗುವುದು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಪೊರೆಯೂ ಇದೆ. ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಬೆಂಗಳೂರಿನಲ್ಲಾದರೆ, ವೈಟ್‌ಫೀಲ್ಡ್‌ಗೆ ಹತ್ತಿರ, ಕುಂದಲಹಳ್ಳಿ ಗೇಟ್ ಬಳಿ ಶಂಕರ ಕಣ್ಣಿನ ಆಸ್ಪತ್ರೆ ಇದೆ. ಸರ್ಕಾರಿ ಮಿಂಟೋ ಆಸ್ಪತ್ರೆಗೆ ಕಾಡುಗೋಡಿಯಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಬೇಕು.

ಹಂತ 3: ಪರೀಕ್ಷೆ

ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಮಸೂರ ನೋಡುತ್ತಾರೆ. ಪೊರೆ ದಟ್ಟವಾಗಿದ್ದರೆ ಹಿಂದಿನ ಅಕ್ಷಿಪಟಲಕ್ಕೆ ಸ್ಕ್ಯಾನ್ ಬೇಕು. ಎರಡೂ ಕಣ್ಣಿನಲ್ಲಿ ಪೊರೆಯಿದ್ದರೆ ರಕ್ತಪರೀಕ್ಷೆ ಬೇಕಾಗಬಹುದು; ಅಪ್ಪ-ಅಮ್ಮನ ಕಣ್ಣನ್ನೂ ನೋಡುವುದುಂಟು.

ಹಂತ 4: ಶಸ್ತ್ರಚಿಕಿತ್ಸೆ

ಡ್ರಾಪ್ಸ್‌ನಿಂದ ಪೊರೆ ಕರಗುವುದಿಲ್ಲ. ನೋಟಕ್ಕೆ ಅಡ್ಡಿಯಾಗದ ಸಣ್ಣ ಪೊರೆಯನ್ನು ಗಮನಿಸುತ್ತಿದ್ದರೆ ಸಾಕು. ಹುಟ್ಟಿನಿಂದಲೇ ದಟ್ಟವಾಗಿದ್ದರೆ, ಒಂದೇ ಕಣ್ಣಾದರೆ ಸುಮಾರು 6 ವಾರದೊಳಗೆ, ಎರಡೂ ಆದರೆ 8–10 ವಾರದೊಳಗೆ ತೆಗೆಯುವುದು ಒಳ್ಳೆಯದು. ಪೂರ್ಣ ಅರಿವಳಿಕೆ ಕೊಡಲಾಗುತ್ತದೆ. ಎಳೆಯರಲ್ಲಿ ಮಸೂರದ ಹಿಂಬದಿಯ ತೆಳುಚೀಲ ಬೇಗ ಮತ್ತೆ ಮಬ್ಬಾಗುವುದರಿಂದ ಅದನ್ನೂ ತೆರೆಯುತ್ತಾರೆ. ಕೃತಕ ಲೆನ್ಸ್ ಸಾಮಾನ್ಯವಾಗಿ 2 ವರ್ಷ ದಾಟಿದ ಮೇಲೆ; ಕೂಸುಗಳಿಗೆ ದಪ್ಪ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್.

ಹಂತ 5: ಆಮೇಲಿನ ಆರೈಕೆ

ಕಣ್ಣು ಬೆಳೆದಂತೆ ಕನ್ನಡಕದ ನಂಬರ್ ಬದಲಾಗುತ್ತದೆ. ಒಂದೇ ಕಣ್ಣಿಗೆ ಪೊರೆಯಿದ್ದರೆ, ಚೆನ್ನಾಗಿರುವ ಕಣ್ಣಿಗೆ ವೈದ್ಯರು ಹೇಳಿದಷ್ಟು ಗಂಟೆ ಪಟ್ಟಿ ಅಂಟಿಸಬೇಕು. ಮಗು ಅತ್ತು ಕಿತ್ತೆಸೆದರೂ ಮತ್ತೆ ಅಂಟಿಸಬೇಕು, ಮಂದವಾದ ಕಣ್ಣು ಕಲಿಯುವುದು ಆಗಲೇ. ಮುಂದೆ ಗ್ಲಾಕೋಮಾ ಬರುವ ಸಾಧ್ಯತೆ ಇರುವುದರಿಂದ ಕಣ್ಣಿನ ಒತ್ತಡದ ತಪಾಸಣೆ ಜೀವನವಿಡೀ ನಡೆಯಬೇಕು. ಕಟ್ಟಡ ಕೆಲಸಕ್ಕೆಂದು ಸೈಟಿನಿಂದ ಸೈಟಿಗೆ ಹೋಗುವ ಕುಟುಂಬಗಳು ಡಿಸ್ಚಾರ್ಜ್ ಚೀಟಿಯನ್ನು ಲಸಿಕೆ ಕಾರ್ಡಿನ ಜೊತೆಗೇ ಇಟ್ಟುಕೊಂಡರೆ, ಹೊಸ ಊರಿನ ವೈದ್ಯರು ಅಲ್ಲಿಂದಲೇ ಮುಂದುವರಿಸಬಹುದು.