ಹಿಂದೆಗೆದ ಮದ್ದು ಮರಳಿ ಬಂದ ಬಗೆ

ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಾರಕ್ಕೆ 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೋಮಜೀನ್ ಔಷಧವನ್ನು ಪ್ರಯೋಗಿಸಿ ಗುಣ ಕಂಡರು. ಇಲ್ಲದ ದನಿಗಳು ಕೇಳಿಸುವುದು, ಸಲ್ಲದ ಸಂಶಯಗಳು ಕಾಡುವುದು ತಗ್ಗಿದವು; ಆದರೆ ಅನೇಕರಿಗೆ ಕೈ ನಡುಗಿತು, ಮೈ ಬಿಗಿಯಿತು. ಬಿಗಿತ ಬಾರದಿದ್ದರೆ ಮದ್ದು ನಾಟಿಲ್ಲವೆಂದೇ ಅಂದಿನ ಹಲವು ವೈದ್ಯರ ಎಣಿಕೆ. ಆದುದರಿಂದ ಸ್ವಿಟ್ಜರ್ಲೆಂಡಿನ ವಾಂಡರ್ ಸಂಸ್ಥೆಯ ಕ್ಲೋಜಪೀನ್ ಬಿಗಿತವಿಲ್ಲದೆಯೇ ಗುಣ ತೋರಿದಾಗ ನಂಬದವರು ಬಹಳ.

ಹಳೆಯ ಮದ್ದುಗಳು ಮಿದುಳಿನಲ್ಲಿ ಡೋಪಮೀನ್ ಬಂದು ಕೂಡುವ ಗ್ರಾಹಕಗಳನ್ನು ಬಲವಾಗಿ ತಡೆಯುತ್ತವೆ. ಅಂಗಾಂಗಗಳ ಚಲನೆಗೂ ಡೋಪಮೀನ್ ಬೇಕಾದುದರಿಂದ ಬಿಗಿತ ಉಂಟಾಗುತ್ತದೆ. ಕ್ಲೋಜಪೀನ್ ಅವನ್ನು ಸಡಿಲವಾಗಿ ಹಿಡಿದು ಬೇಗ ಬಿಡುತ್ತದೆ. ಸೆರೊಟೋನಿನ್ನಿನ ಕೆಲವು ಗ್ರಾಹಕಗಳನ್ನು ಹೆಚ್ಚು ಬಲವಾಗಿ ಹಿಡಿಯುತ್ತದೆ.

1972ರಲ್ಲಿ ಮಾರಾಟಕ್ಕೆ ಬಂದ ಈ ಔಷಧಕ್ಕೆ 1975ರಲ್ಲಿ ಪೆಟ್ಟು ಬಿದ್ದಿತು. ಫಿನ್ಲೆಂಡಿನಲ್ಲಿ ಇದನ್ನು ಸೇವಿಸುತ್ತಿದ್ದವರಲ್ಲಿ 8 ಮಂದಿ, ರೋಗಾಣುಗಳನ್ನು ಎದುರಿಸುವ ಬಿಳಿಯ ರಕ್ತಕಣಗಳು ಕುಸಿದು, ಮೃತರಾದರು. ಹಲವು ದೇಶಗಳು ಮದ್ದನ್ನು ಹಿಂದೆಗೆದುವು. 1988ರಲ್ಲಿ ಜಾನ್ ಕೇನ್ ಮತ್ತು ಸಂಗಡಿಗರು, ಬೇರೆ ಮದ್ದುಗಳಿಗೆ ಬಗ್ಗದ ರೋಗಿಗಳಲ್ಲಿ 6 ವಾರಗಳ ಪರೀಕ್ಷೆ ನಡೆಸಿದರು: ಕ್ಲೋರ್‌ಪ್ರೋಮಜೀನ್ ಪಡೆದವರಲ್ಲಿ ಶೇಕಡ 4 ಮಂದಿ, ಕ್ಲೋಜಪೀನ್ ಪಡೆದವರಲ್ಲಿ ಶೇಕಡ 30 ಮಂದಿ ಸುಧಾರಿಸಿದರು. ಮರುವರ್ಷ ಅಮೆರಿಕ ಅನುಮತಿಯಿತ್ತಿತು, ಕ್ರಮವಾದ ರಕ್ತಪರೀಕ್ಷೆಯ ಕರಾರಿನ ಮೇಲೆ. ಅಲ್ಲಿನ ಕಡ್ಡಾಯ ನೋಂದಣಿ 2025ರಲ್ಲಿ ರದ್ದಾಯಿತಾದರೂ ಪರೀಕ್ಷೆಯ ಸಲಹೆ ಉಳಿದಿದೆ. ಮೊದಲ 18 ವಾರ ವಾರಕ್ಕೊಮ್ಮೆ, ಅನಂತರ ವಿರಳವಾಗಿ ಎಂಬುದು ಬಳಕೆಯ ಕ್ರಮ.

ವರ್ಗಾವಣೆಯ ನೌಕರಿಯವರು ಇಲ್ಲಿಯೇ ಎಡವುವುದು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರು. ಸಾಮಾನು ಲಾರಿಯಲ್ಲಿ, ಮಾತ್ರೆಗಳು ಯಾವುದೋ ಪೆಟ್ಟಿಗೆಯ ತಳದಲ್ಲಿ! ಮದ್ದು ಎರಡು ದಿನ ತಪ್ಪಿತೆಂದರೆ ಹಳೆಯ ಪ್ರಮಾಣವನ್ನು ಒಮ್ಮೆಗೇ ನುಂಗಿಸಲಾಗದು. ರಕ್ತದೊತ್ತಡ ಕುಸಿಯಬಹುದು, ಸೆಳವು ಬರಬಹುದು. ವೈದ್ಯರನ್ನು ಕಂಡು, ಮತ್ತೆ 12.5 ಮಿಲಿಗ್ರಾಮಿನಿಂದಲೇ ಏರಿಸುತ್ತ ಹೋಗಬೇಕು. ರಕ್ತಪರೀಕ್ಷೆಯ ವರದಿಗಳನ್ನೂ ಮಾತ್ರೆಗಳನ್ನೂ ಕೈಚೀಲದಲ್ಲಿಯೇ ಒಯ್ಯತಕ್ಕದ್ದು. ಚಿನ್ನವಾಲ್ತೇರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಚೀಟಿಯೇ ಇರಲಿ, ಖಾಸಗಿ ವೈದ್ಯರದೇ ಇರಲಿ, ತೆಲುಗಿನಲ್ಲಿ ತಡವರಿಸುವ ಮನೆಯವರ ಪರವಾಗಿ ಹೊಸ ಊರಿನ ವೈದ್ಯರೊಡನೆ ಆ ಕಾಗದಗಳೇ ಮಾತನಾಡುತ್ತವೆ.

ಜ್ವರ, ಗಂಟಲುನೋವು ಕಂಡರೆ ಅಂದೇ ರಕ್ತ ಪರೀಕ್ಷಿಸಬೇಕು. ಸಿಗರೇಟು ಬಿಟ್ಟವರ ರಕ್ತದಲ್ಲಿ ಮದ್ದಿನ ಪ್ರಮಾಣ ಏರುತ್ತದೆ. ಅದನ್ನೂ ವೈದ್ಯರಿಗೆ ತಿಳಿಸಬೇಕು. ಮಲಬದ್ಧತೆಯನ್ನು ಹೇಳಿಕೊಳ್ಳಲು ರೋಗಿಗಳು ನಾಚುವುದುಂಟು. ಈ ಮದ್ದಿನಿಂದ ಕರುಳಿನ ಚಲನೆಯೇ ನಿಂತು ಪ್ರಾಣಾಪಾಯವಾದ ಪ್ರಸಂಗಗಳಿರುವುದರಿಂದ ಮನೆಯವರೇ ಕೇಳಿ ತಿಳಿಯುವುದು ಲೇಸು.