ಸಹಿ ಯಾರದು?

ಅಂತರರಾಷ್ಟ್ರೀಯ ವ್ಯವಹಾರ ಎಂಬ ವಿಷಯದಲ್ಲಿ ಪಿಎಚ್‌ಡಿ ಮಾಡಿದವರಿಗೆ ಜಗತ್ತಿನ ಮಟ್ಟದಲ್ಲಿ ಸಿಗುವ ದೊಡ್ಡ ಗೌರವಗಳಲ್ಲೊಂದು ಅಕಾಡೆಮಿ ಆಫ್ ಇಂಟರ್‌ನ್ಯಾಷನಲ್ ಬಿಸಿನೆಸ್ ಸಂಸ್ಥೆ ಕೊಡುವ ಥೀಸಿಸ್ ಪ್ರಶಸ್ತಿ. ಹಿಂದೆ ಅದು ರಿಚರ್ಡ್ ಫಾರ್ಮರ್ ಹೆಸರಿನಲ್ಲಿತ್ತು, ಈಗ ಪೀಟರ್ ಬಕ್ಲಿ ಮತ್ತು ಮಾರ್ಕ್ ಕ್ಯಾಸನ್ ಹೆಸರಿನಲ್ಲಿದೆ. ನಾನು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕೋಡ್ಲಾದವನು. ಸಿಮೆಂಟ್ ಕಂಪನಿಗಳ ಮೇಲೆ ಥೀಸಿಸ್ ಬರೆದೆ. ಈ ಪ್ರಶಸ್ತಿಗೆ ಕಳಿಸಬೇಕೆಂದು ವರ್ಷಗಟ್ಟಲೆ ದುಡಿದೆ, ಕಳಿಸಲು ಆಗಲಿಲ್ಲ. ಈಗ ನಮ್ಮ ಕಡೆಯ ಹುಡುಗ ಹುಡುಗಿಯರ ಕರಡು ಓದುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಪ್ರಶ್ನೆಗಾಗಿ ದೂರ ಹೋಗಬೇಡಿ

ಮೊದಲ ವರ್ಷ ನಾನು ಹಿಡಿದದ್ದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳನ್ನು. ಎಲ್ಲರೂ ಅದನ್ನೇ ಹಿಡಿದಿದ್ದರು. ದೀಪಾವಳಿಗೆ ಊರಿಗೆ ಬಂದಾಗ ಹೊಲದ ಬದುವಿನಲ್ಲಿ ನಿಂತು ತೊಗರಿ ಎಲೆಯ ಮೇಲಿನ ಬೂದು ಧೂಳನ್ನು ಬೆರಳಿನಿಂದ ಒರೆಸಿದೆ. ಎಲೆ ಹಸಿರಾಯಿತು, ಬೆರಳು ಬೆಳ್ಳಗಾಯಿತು. ಈ ಧೂಳಿನ ಮಾಲಕರು ಯಾರು ಎಂದು ಯೋಚಿಸಿದ್ದು ಅವತ್ತೇ.

ನಮ್ಮ ನೆಲದಡಿ ಇರುವುದು ಸುಣ್ಣದಕಲ್ಲು. ಸಿಮೆಂಟಿಗಾಗಿ ಸುಟ್ಟು ತೆಗೆಯುವ ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಅದಕ್ಕೇ ಕಾರ್ಖಾನೆ ಕಲ್ಲು ಇರುವಲ್ಲಿಗೆ ಬರುತ್ತದೆ. ಸಿಮೆಂಟಿಗೆ ತೂಕ ಹೆಚ್ಚು, ಬೆಲೆ ಕಡಿಮೆ. ದೂರ ಒಯ್ದರೆ ಲಾಭವನ್ನೆಲ್ಲ ಲಾರಿ ಬಾಡಿಗೆಯೇ ತಿಂದುಹಾಕುತ್ತದೆ. ಹಾಗಾಗಿ ಪರದೇಶದ ಕಂಪನಿ ಇಲ್ಲಿ ಮಾರಬೇಕೆಂದರೆ ಅಲ್ಲಿಂದ ಚೀಲ ಕಳಿಸಿದರೆ ಸಾಲದು, ತಾನೇ ಬಂದು ನೆಲೆಯೂರಬೇಕು. ಬರಲು ದಾರಿ ಎರಡು: ಇದ್ದದ್ದನ್ನು ಕೊಳ್ಳುವುದು, ಇಲ್ಲವೆ ಹೊಸದಾಗಿ ಕಟ್ಟುವುದು. ಸ್ವಿಟ್ಜರ್ಲೆಂಡಿನ ಹೋಲ್ಸಿಮ್ 2005ರಲ್ಲಿ ಭಾರತದ ಎಸಿಸಿ ಕಂಪನಿಯಲ್ಲಿ ಪಾಲು ಹಿಡಿದು, ಅದರ ಕಾರ್ಖಾನೆಯಿದ್ದ ವಾಡಿಗೆ ಬಂತು. ಫ್ರಾನ್ಸಿನ ವಿಕಾ 2008ರಲ್ಲಿ ಸಾಗರ್ ಸಿಮೆಂಟ್ಸ್ ಜೊತೆ ಕೈಜೋಡಿಸಿ ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಹೊಸ ಕಾರ್ಖಾನೆಗೆ ಕೈಹಾಕಿತು. 2014ರಲ್ಲಿ ಜೊತೆಗಾರರ ಪಾಲನ್ನೂ ಕೊಂಡಿತು. ಕೊಳ್ಳುವುದೋ ಕಟ್ಟುವುದೋ ಎಂಬುದು ಈ ಶಾಸ್ತ್ರದ ದೊಡ್ಡ ಚರ್ಚೆ. ಅದರ ಎರಡೂ ಉದಾಹರಣೆಗಳು ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಿ ಬರುವಷ್ಟು ಹತ್ತಿರದಲ್ಲಿದ್ದವು. ಸಾಫ್ಟ್‌ವೇರ್ ಕೈಬಿಟ್ಟೆ.

2. ಹೈಮರ್ ಕಥೆ ತಿಳಿದಿರಲಿ

ಸ್ಟೀಫನ್ ಹೈಮರ್ 1960ರಲ್ಲಿ ಎಂಐಟಿಗೆ ಥೀಸಿಸ್ ಕೊಟ್ಟರು. ಕಂಪನಿಗಳು ಪರದೇಶದಲ್ಲಿ ದುಡ್ಡು ಹೂಡುವುದು ಬಡ್ಡಿ ಹೆಚ್ಚು ಸಿಗುತ್ತದೆಂದು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಬಡ್ಡಿಯಲ್ಲ, ಹಿಡಿತ ಎಂದರು ಹೈಮರ್. ಗೈಡ್ ಚಾರ್ಲ್ಸ್ ಕಿಂಡಲ್‌ಬರ್ಗರ್ ಅದನ್ನು ಪುಸ್ತಕ ಮಾಡಿ ಎಂದು ಶಿಫಾರಸು ಮಾಡಿದರೂ ಪ್ರಕಟಣೆಯ ಸಮಿತಿ ಒಪ್ಪಲಿಲ್ಲ. ಹೈಮರ್ 1974ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಕಾರು ಅಪಘಾತದಲ್ಲಿ ತೀರಿಕೊಂಡರು. ಪುಸ್ತಕ ಬಂದದ್ದು 1976ರಲ್ಲಿ. ಬಕ್ಲಿ ಮತ್ತು ಕ್ಯಾಸನ್ ಬಹುರಾಷ್ಟ್ರೀಯ ಕಂಪನಿಗಳ ಬಗ್ಗೆ ಬರೆದ ಹೆಸರಾಂತ ಪುಸ್ತಕವೂ ಅದೇ ವರ್ಷದ್ದು. ಇವತ್ತು ಈ ವಿಷಯದ ಯಾವ ಥೀಸಿಸ್ ತೆರೆದರೂ ಹೈಮರ್ ಹೆಸರು ಸಿಗುತ್ತದೆ. ಆಯ್ಕೆಯಾಗಲಿಲ್ಲವೆಂದು ಕಣ್ಣೀರು ಹಾಕಿದ ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು ಈ ಕಥೆ.

3. ದೊಡ್ಡ ಮಾತನ್ನು ಸಣ್ಣ ಪ್ರಶ್ನೆ ಮಾಡಿ ಕೇಳಿ

ಇದನ್ನು ನಾನು ಕಲಿತದ್ದು ಒಬ್ಬ ನಿವೃತ್ತ ಫಿಟರ್ ಕಾಕಾನಿಂದ. 2016ರಲ್ಲಿ ಪ್ರಶ್ನಾವಳಿಯ ಕಟ್ಟು ಹಿಡಿದು ಅವರ ಮನೆಗೆ ಹೋಗಿದ್ದೆ. ‘ವಿದೇಶಿ ಒಡೆತನದಿಂದ ನಿರ್ಣಯ ಪ್ರಕ್ರಿಯೆ ಎಷ್ಟರಮಟ್ಟಿಗೆ ಬದಲಾಯಿತು? ಒಂದರಿಂದ ಐದರವರೆಗೆ ಅಂಕ ಕೊಡಿ’ ಎಂದು ಓದಿದೆ. ಕಾಕಾ ಸುಮ್ಮನೆ ಕೂತರು. ಒಳಗಿನಿಂದ ಚಹಾ ಬಂತು. ಕಾಗದ ಮಡಿಚಿಟ್ಟು, “ಕಾಕಾ, ಮಾಲಕರು ಬದಲಾಗ್ಯಾರ ಅಂತ ನಿಮಗ ಹ್ಯಾಂಗ ಗೊತ್ತಾತು?” ಎಂದೆ.

“ಪೇಪರ್‌ನ್ಯಾಗ ಬಂದಿತ್ತು ತಮ್ಮಾ, ಅದೇನ್ ನಮಗ ಹತ್ತಲಿಲ್ಲ. ಮೊದಲ ಬೆಲ್ಟ್ ಹರದ್ರ ಇಲ್ಲೇ ಸಾಹೇಬ್ರು ಸಹಿ ಹಾಕ್ತಿದ್ರು, ಸಂಜಿಗಿ ಹೊಸಾ ಬೆಲ್ಟ್ ಬರ್ತಿತ್ತು. ಆಮ್ಯಾಲ ಬೊಂಬಾಯಿಂದ ಸಹಿ ಬರೋತನಕ ಕುಂದರಬೇಕಾತು ನೋಡು.”

ನಾನು ಮುನ್ನೂರು ಪುಟ ಓದಿ ಹುಡುಕುತ್ತಿದ್ದ ‘ಹಿಡಿತ’ ಹರಿದ ಬೆಲ್ಟಿನಲ್ಲಿ ಕಾಣಿಸಿತು. ಮರುದಿನದಿಂದ ಪ್ರಶ್ನಾವಳಿಯನ್ನೇ ಬದಲಿಸಿದೆ. ಬೆಲ್ಟಿಗೆ ಸಹಿ ಯಾರದು? ಕಲ್ಲಿದ್ದಲಿಗೆ ಯಾರದು? ಹೊಸಬರನ್ನು ತೆಗೆದುಕೊಳ್ಳಲು ಯಾರದು? ಮಾಲಕರು ಬದಲಾಗುವ ಮೊದಲು ಯಾರದಿತ್ತು, ಆಮೇಲೆ ಯಾರದಾಯಿತು? ಫೋರ್‌ಮನ್, ಸ್ಟೋರ್‌ಕೀಪರ್, ಲಾರಿ ಏಜೆಂಟ್ ಎಲ್ಲರೂ ಇದಕ್ಕೆ ಉತ್ತರ ಕೊಟ್ಟರು. ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟಾಗ ಕೊಂಡ ಕಾರ್ಖಾನೆಗೂ ಕಟ್ಟಿದ ಕಾರ್ಖಾನೆಗೂ ಇರುವ ವ್ಯತ್ಯಾಸ ತಾನಾಗಿ ಮೇಲೆ ಬಂತು. ನನ್ನ ಥೀಸಿಸ್‌ನಲ್ಲಿ ಗಟ್ಟಿಯಾಗಿ ನಿಲ್ಲುವ ಅಧ್ಯಾಯ ಅದೊಂದೇ ಎಂದು ಈಗಲೂ ನಂಬಿದ್ದೇನೆ.

4. ಸಾರಾಂಶಕ್ಕೆ ತಿಂಗಳು ಕೊಡಿ

2015ರ ಜೂನ್‌ನಲ್ಲಿ ಆ ಅಕಾಡೆಮಿಯ ವಾರ್ಷಿಕ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದವರು ತಮ್ಮ ಥೀಸಿಸ್ ಮಂಡಿಸುವುದನ್ನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ನಾಲ್ಕೈದು ವರ್ಷದ ಕೆಲಸವನ್ನು ಕೆಲವೇ ನಿಮಿಷದಲ್ಲಿ ಹೇಳಬೇಕು, ಅದೂ ನಮ್ಮೂರು ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದವರಿಗೆ.

ಪ್ರಶಸ್ತಿಗೆಂದು ಬರೆದ ನನ್ನ ಸಾರಾಂಶದ ಮೊದಲ ಸಾಲು ಹೀಗಿತ್ತು: ‘ಜಾಗತೀಕರಣದ ಹಿನ್ನೆಲೆಯಲ್ಲಿ ಕಲ್ಯಾಣ ಕರ್ನಾಟಕದ ಸಿಮೆಂಟ್ ಉದ್ಯಮದ ಒಂದು ಅಧ್ಯಯನ.’ ಇದರಲ್ಲಿ ಪ್ರಶ್ನೆಯೇ ಇಲ್ಲ. ಹತ್ತು ಹದಿನೈದು ಸಲ ತಿದ್ದಿದ ಮೇಲೆ ಹೀಗಾಯಿತು: ‘ಒಂದೇ ಸುಣ್ಣದಕಲ್ಲಿನ ಪಟ್ಟೆಯ ಮೇಲೆ ಪರದೇಶದ ಒಂದು ಕಂಪನಿ ಕಾರ್ಖಾನೆ ಕೊಂಡಿತು, ಇನ್ನೊಂದು ಕಟ್ಟಿತು, ನಿರ್ಣಯದ ಸಹಿ ಎಲ್ಲಿ ಬೇಗ ಊರು ಬಿಟ್ಟಿತು?’ ಇದನ್ನು ಓದಿದವರು ಎರಡನೇ ಸಾಲಿಗೆ ಹೋಗುತ್ತಾರೆ.

5. ಪ್ರೀತಿಯ ಪುಟ ತೆಗೆಯಿರಿ

ಮಳಖೇಡದ ಬಗ್ಗೆ ಹದಿನಾಲ್ಕು ಪುಟ ಬರೆದಿದ್ದೆ. ಅದು ರಾಷ್ಟ್ರಕೂಟರ ಮಾನ್ಯಖೇಟ, ಕಾಗಿಣಾ ನದಿ ದಂಡೆಯ ರಾಜಧಾನಿ. ಅಲ್ಲಿನ ಅರಸರನ್ನು ಒಂಬತ್ತನೇ ಶತಮಾನದ ಅರಬ್ ಬರಹಗಾರರು ಜಗತ್ತಿನ ದೊಡ್ಡ ರಾಜರ ಸಾಲಿನಲ್ಲಿ ಎಣಿಸಿದ್ದರು. ಇವತ್ತು ಅಲ್ಲೂ ಸಿಮೆಂಟ್ ಕಾರ್ಖಾನೆ ಇದೆ. ನನಗೆ ಇದೆಲ್ಲ ಎದೆಗೆ ಹತ್ತಿರ, ಆದರೆ ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ತೆಗೆದೆ.

6. ತಾರೀಕು ಗೋಡೆಗೆ ಅಂಟಿಸಿ

ಪ್ರಶಸ್ತಿಗೆ ಯಾವ ಅವಧಿಯಲ್ಲಿ ಮುಗಿದ ಥೀಸಿಸ್ ಸಲ್ಲುತ್ತದೆ ಎಂಬುದಕ್ಕೆ ನಿಯಮವಿದೆ. ನಾನು ಥೀಸಿಸ್ ಕೊಟ್ಟ ಮೇಲೆ ವೈವಾಕ್ಕೆ ಹನ್ನೊಂದು ತಿಂಗಳು ಕಾದೆ. ಒಬ್ಬ ಪರೀಕ್ಷಕರ ವರದಿ ಕಚೇರಿಯ ಯಾವುದೋ ಕಡತದಲ್ಲಿ ಸೇರಿಹೋಗಿತ್ತು. ಅದು ಸಿಗುವ ಹೊತ್ತಿಗೆ ನಾನು ಎಣಿಸಿಟ್ಟಿದ್ದ ಗಡುವು ದಾಟಿತ್ತು. ಮುಂದಿನ ಸಲ ನೋಡೋಣ ಎನ್ನುವಷ್ಟರಲ್ಲಿ ಕೆಲಸ, ಅಪ್ಪನ ಆಸ್ಪತ್ರೆ, ಎಲ್ಲ ಒಟ್ಟಿಗೆ ಬಂದವು. ಈ ನೋವು ಇನ್ನೂ ಇದೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ಹದಿನೈದು ದಿನಕ್ಕೊಮ್ಮೆ ಕಚೇರಿಗೆ ಹೋಗಿ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಿ ಬರಲು ಹೇಳುತ್ತೇನೆ. ಇಲ್ಲಿಯೂ ಪ್ರಶ್ನೆ ಅದೇ, ಸಹಿ ಯಾರದು.

7. ಬೈಂಡ್ ಮಾಡಿದ ಮೇಲೂ ವಿಷಯ ನಡೆಯುತ್ತಿರುತ್ತದೆ

2022ರಲ್ಲಿ ಹೋಲ್ಸಿಮ್ ಭಾರತದ ತನ್ನ ಸಿಮೆಂಟ್ ವ್ಯವಹಾರವನ್ನು ಅದಾನಿ ಗುಂಪಿಗೆ ಮಾರಿ ಹೊರಟಿತು. ಬರುವ ದಾರಿಯ ಬಗ್ಗೆ ಅಧ್ಯಾಯಗಟ್ಟಲೆ ಬರೆದಿದ್ದ ನಾನು ಹೋಗುವ ದಾರಿಯ ಬಗ್ಗೆ ಒಂದು ಪ್ಯಾರಾ ಕೂಡ ಬರೆದಿರಲಿಲ್ಲ. ಕೊಂಡದ್ದನ್ನು ಮಾರುವುದು ಸುಲಭವೋ, ಕಟ್ಟಿದ್ದನ್ನೋ? ಯಾರಾದರೂ ಇದನ್ನು ಎತ್ತಿಕೊಳ್ಳಬೇಕು. ವಾಡಿಗೆ ಹೋಗಿ ಆ ಸಹಿಗಳನ್ನು ಮತ್ತೆ ಎಣಿಸಬೇಕು.

8. ಈಗಿನ ಕರಡು

ಈ ವರ್ಷ ನನ್ನ ಮುಂದಿರುವುದು ತೊಗರಿ. ಸೇಡಂ ಕಡೆಯ ಒಬ್ಬ ಹುಡುಗಿ ಮೊಜಾಂಬಿಕ್‌ನಿಂದ ಬರುವ ತೊಗರಿಯ ಮೇಲೆ ಬರೆಯುತ್ತಿದ್ದಾಳೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದಕ್ಕೂ ಮೂರು ವರ್ಷ ಮುಂಚೆ, 2016ರಲ್ಲಿ, ಭಾರತ ಮೊಜಾಂಬಿಕ್ ಜೊತೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡಿತ್ತು: ಮೊದಲ ವರ್ಷ ಒಂದು ಲಕ್ಷ ಟನ್, ಐದನೇ ವರ್ಷದ ಹೊತ್ತಿಗೆ ಎರಡು ಲಕ್ಷ ಟನ್. ಅವಳ ಕರಡಿನ ಮೊದಲ ಸಾಲು ‘ಜಾಗತೀಕರಣದ ಹಿನ್ನೆಲೆಯಲ್ಲಿ’ ಎಂದೇ ಶುರುವಾಗಿತ್ತು. ಅದನ್ನು ಹೊಡೆದುಹಾಕಿ, “ಅಲ್ಲಿಯ ರೈತಗ ತನ್ನ ತೊಗರಿ ದರ ಯಾರು ಹೇಳ್ತಾರ?” ಎಂದು ಕೇಳಿದೆ.

“ಸರ್, ನಮ್ಮ ಅಪ್ಪಗ ಯಾರು ಹೇಳ್ತಾರ ಅನ್ನೂದ ನಾ ಇನ್ನಾ ಕೇಳಿಲ್ರಿ,” ಎಂದಳು. ಸೋಮವಾರ ಅಪ್ಪನ ಜೊತೆ ತೊಗರಿ ಚೀಲದ ಗಾಡಿ ಹತ್ತಿ ಅಡತಿಗೆ ಹೋಗುತ್ತಾಳೆ, ನೋಟ್‌ಬುಕ್ ಹಿಡಿದುಕೊಂಡು.