ಬ್ಯಾಟರಿ ಇನ್ವರ್ಟರಿಗೆ ಹೊರಗಿನ ವಿದ್ಯುತ್ತನ್ನು ಮಿತಿಯಲ್ಲಿ ಕೊಡುವ ಕ್ರಮ

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರು ನಗರದ ದೀಪಗಳಿಗೂ ಒದಗಿತು. ಈಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಿಗೂ ತಂತಿಯು ಮುಟ್ಟಿರುವುದು. ಆದರೂ ತೋಟದ ಮನೆಗಳಲ್ಲಿ ಕರೆಂಟು ಆಗಾಗ್ಗೆ ನಿಲ್ಲುವುದುಂಟು. ಆದಕಾರಣ ಕೆಲವು ಜಮೀನ್ದಾರರು ಸೌರಫಲಕ, ಬ್ಯಾಟರಿ, ಇನ್ವರ್ಟರುಗಳನ್ನು ಏರ್ಪಡಿಸಿಕೊಂಡು, ಬಿಸಿಲು ಸಾಲದಿದ್ದಾಗ ಮಾತ್ರ ಲೈನನ್ನಾಗಲಿ ಡೀಸೆಲ್ ಜನರೇಟರನ್ನಾಗಲಿ ಅವಲಂಬಿಸುತ್ತಾರೆ. ಹೀಗೆ ಹೊರಗಿನಿಂದ ತೆಗೆದುಕೊಳ್ಳುವ ವಿದ್ಯುತ್ತಿಗೆ ಮಿತಿಯನ್ನು ಗೊತ್ತುಮಾಡದಿದ್ದರೆ ಒದಗುವ ನಷ್ಟವನ್ನೂ, ಅದನ್ನು ತಪ್ಪಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ನಷ್ಟಕ್ಕೆ ಕಾರಣ

ರೇಷ್ಮೆಯ ಚಾಕಿ ಮನೆಯೊಂದನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ಚಾಕಿ ಹುಳುಗಳಿಗೆ 27ರಿಂದ 28 ಡಿಗ್ರಿ ಸೆಂಟಿಗ್ರೇಡ್ ಶಾಖವೂ, ಶೇಕಡ 80ರಿಂದ 90ರಷ್ಟು ತೇವವೂ ಇರತಕ್ಕದ್ದು. ಶಾಖವು ಕುಗ್ಗಿದರೆ ಹುಳುಗಳ ಬೆಳವಣಿಗೆ ತಡವಾಗಿ, ಜ್ವರಕ್ಕೆ ಕೂರುವುದು ಏರುಪೇರಾಗುವುದು; ತೇವವು ಕುಗ್ಗಿದರೆ ಸೊಪ್ಪು ಬಾಡಿ ಹುಳುಗಳು ಮೇಯವು. ಮಾಗಿಯ ಚಳಿಯಲ್ಲಿ ರಾತ್ರಿ ಕರೆಂಟು ನಿಂತಿತೆನ್ನೋಣ. ಹೀಟರು ಮೊದಲಾದುವು ಬ್ಯಾಟರಿಯಿಂದ ನಡೆಯುವುವು. ಬ್ಯಾಟರಿಯು ಅರ್ಧ ಇಳಿದಾಗ ಯಜಮಾನನು ಜನರೇಟರನ್ನು ಹೂಡುವನು. ಆ ಕ್ಷಣವೇ ಮನೆಯ ಕೆಲಸದ ಹೊರೆಯೂ, ಬ್ಯಾಟರಿಯನ್ನು ತುಂಬುವ ಹೊರೆಯೂ ಒಟ್ಟಿಗೆ ಅದರ ಮೇಲೆ ಬೀಳುವುವು. ಎರಡನ್ನೂ ತಾಳಲಾರದೆ ಜನರೇಟರು ನಿಂತುಹೋದರೆ, ಬ್ಯಾಟರಿಯೂ ಬರಿದಾಗಿ, ಬೆಳಗಾಗುವಷ್ಟರಲ್ಲಿ ಇಡೀ ಬೆಳೆಗೆ ಅಪಾಯವು ತಟ್ಟುವುದು.

ಲೆಕ್ಕ ಮಾಡುವ ರೀತಿ

ವ್ಯಾಟುಗಳನ್ನು ವೋಲ್ಟುಗಳಿಂದ ಭಾಗಿಸಿದರೆ ಸುಮಾರಾಗಿ ಆಂಪೇರುಗಳು ದೊರೆಯುವುವು. ಮೇಲ್ಕಂಡ ಮನೆಯಲ್ಲಿ ಹೀಟರು 1000 ವ್ಯಾಟು, ತೇವದ ಯಂತ್ರ 200 ವ್ಯಾಟು, ದೀಪ ಮತ್ತು ಪಂಕಗಳು 300 ವ್ಯಾಟು, ಒಟ್ಟು 1500 ವ್ಯಾಟು ಇವೆಯೆಂದು ಭಾವಿಸುವುದು. 230 ವೋಲ್ಟಿನಲ್ಲಿ ಇದು ಸುಮಾರು 6½ ಆಂಪೇರು. 48 ವೋಲ್ಟು, 150 ಆಂಪೇರ್-ಗಂಟೆಯ ಸೀಸದ ಬ್ಯಾಟರಿಯನ್ನು 20 ಆಂಪೇರಿನಂತೆ ತುಂಬುವುದಕ್ಕೆ, ಯಂತ್ರದಲ್ಲಾಗುವ ನಷ್ಟವೂ ಸೇರಿ, ಹೊರಗಿನಿಂದ ಸುಮಾರು 5½ ಆಂಪೇರು ಬೇಕು. ಅಂತೂ 12 ಆಂಪೇರಾಯಿತು. 3 ಕೆ.ವಿ.ಎ. ಜನರೇಟರಿನ ಪೂರ್ಣ ಶಕ್ತಿಯು 13 ಆಂಪೇರಾದರೂ, ಅದನ್ನು ಬಹಳ ಹೊತ್ತು ನಡೆಸುವಾಗ ಐದರಲ್ಲಿ ನಾಲ್ಕು ಪಾಲಿಗಿಂತ, ಎಂದರೆ ಸುಮಾರು 10 ಆಂಪೇರಿಗಿಂತ, ಹೆಚ್ಚು ಹೊರಿಸದಿರುವುದು ಕ್ಷೇಮ.

ಇನ್ವರ್ಟರಿನಲ್ಲಿ ಬಾಹ್ಯ ವಿದ್ಯುತ್ತಿನ ಮಿತಿಯನ್ನು 10 ಆಂಪೇರಿಗೆ ಇಟ್ಟರೆ, ಯಂತ್ರವು ಮೊದಲು ಮನೆಯ ಹೊರೆಗೆ 6½ ಆಂಪೇರನ್ನು ಬಿಟ್ಟು, ಉಳಿದ 3½ ಆಂಪೇರನ್ನು ಮಾತ್ರ ಬ್ಯಾಟರಿಗೆ ಉಪಯೋಗಿಸುವುದು. ಆಗ ಬ್ಯಾಟರಿಗೆ 20ರ ಬದಲು ಸುಮಾರು 13 ಆಂಪೇರು ಸೇರುವುದು. ಅರ್ಧ ಇಳಿದ ಬ್ಯಾಟರಿಯು ತುಂಬುವುದಕ್ಕೆ ನಾಲ್ಕು ಗಂಟೆಗೆ ಬದಲಾಗಿ ಆರು ಗಂಟೆ, ಕೊನೆಯ ನಿಧಾನದ ಹಂತವೂ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು, ಹಿಡಿಯಬಹುದು. ಆದರೆ ಜನರೇಟರು ನಿಲ್ಲದು. ಹುಳುವಿಗೆ ಶಾಖವೂ ತಪ್ಪದು.

ಲೈನಿನ ವಿಷಯ

ಲೈನಿಗೆ ಮಂಜೂರಾದ ಲೋಡನ್ನೇ ಪ್ರಮಾಣವಾಗಿ ಇಟ್ಟುಕೊಳ್ಳತಕ್ಕದ್ದು. 2 ಕಿಲೋವ್ಯಾಟು ಮಂಜೂರಾಗಿದ್ದರೆ 8 ಆಂಪೇರು ತಕ್ಕ ಮಿತಿ. ಮಿತಿಯು ಆಂಪೇರಿನಲ್ಲಿರುವುದೇ ಹೊರತು ವ್ಯಾಟಿನಲ್ಲಲ್ಲವೆಂಬುದನ್ನು ಮರೆಯಬಾರದು. ವೋಲ್ಟೇಜು 180ಕ್ಕೆ ಇಳಿದಾಗ ಅದೇ 8 ಆಂಪೇರಿನಿಂದ 1440 ವ್ಯಾಟು ಮಾತ್ರ ದೊರೆಯುವುದು. ಬ್ಯಾಟರಿ ತುಂಬುವುದು ಬಹಳ ನಿಧಾನವಾಗುವುದು. ಆಗ ಮಿತಿಯನ್ನು ಏರಿಸುವುದು ತಪ್ಪು. ಏರಿಸಿದಷ್ಟೂ ತಂತಿಯು ಕಾದು, ವೋಲ್ಟೇಜು ಮತ್ತಷ್ಟು ಕುಸಿಯುವುದು. ಹಗಲಿನ ಬಿಸಿಲಿನಿಂದಲೇ ಬ್ಯಾಟರಿಯನ್ನು ತುಂಬಿಕೊಳ್ಳುವುದು, ಇಲ್ಲವೆ ಹೆಚ್ಚಿನ ಲೋಡಿಗೆ ಅರ್ಜಿ ಹಾಕುವುದು ಸರಿಯಾದ ಮಾರ್ಗ.

ಲೈನಿಗೂ ಜನರೇಟರಿಗೂ ಒಂದೇ ಮಿತಿಯನ್ನಿಡುವ ಯಂತ್ರವಾದರೆ, ಎರಡರಲ್ಲಿ ಕಡಮೆಯಾದುದನ್ನೇ ಇಡುವುದು ಲೇಸು.

ಕೊಳ್ಳುವಾಗ ವಿಚಾರಿಸತಕ್ಕದ್ದು

ಎಲ್ಲಾ ಇನ್ವರ್ಟರುಗಳೂ ಒಂದೇ ತೆರನಲ್ಲ. ಮನೆಯ ಹೊರೆಯೇ ಮಿತಿಯನ್ನು ಮೀರಿದಾಗ ಕೆಲವು ಯಂತ್ರಗಳು ಕೊರತೆಯಷ್ಟನ್ನು ಬ್ಯಾಟರಿಯಿಂದ ಕೂಡಿಸಿಕೊಡುವುವು. ಕೆಲವು ಹೊರಗಿನ ವಿದ್ಯುತ್ತನ್ನು ಬಿಟ್ಟು ಪೂರ್ತಿಯಾಗಿ ಬ್ಯಾಟರಿಗೆ ತಿರುಗುವುವು. ಮತ್ತೆ ಕೆಲವಕ್ಕೆ ಇಂಥ ಮಿತಿಯೇ ಇಲ್ಲ. ಬ್ಯಾಟರಿಯನ್ನು ತುಂಬುವ ಆಂಪೇರನ್ನು ಮಾತ್ರ ಗೊತ್ತುಮಾಡಬಹುದು. ಈ ಕಡೆಯ ಜಾತಿಯದಾದರೆ, ಮೇಲಿನ ದೃಷ್ಟಾಂತದಲ್ಲಿ ಅದನ್ನು 20ರಿಂದ 10ಕ್ಕೆ ಇಳಿಸಿದರೆ ಒಟ್ಟು ಹೊರೆಯು 10 ಆಂಪೇರಿನೊಳಗೆ ನಿಲ್ಲುವುದು. ಬ್ಯಾಟರಿಯ ಆಂಪೇರೇ ಬೇರೆ, ಲೈನಿನ ಆಂಪೇರೇ ಬೇರೆ. ಇವೆರಡನ್ನು ಒಂದೆಂದು ತಿಳಿದು ಮೋಸಹೋಗಬಾರದು.

ಎಚ್ಚರಿಕೆಗಳು

1. ಮಿತಿಯನ್ನಿಟ್ಟ ಮಾತ್ರಕ್ಕೆ ಎಂ.ಸಿ.ಬಿ.ಯನ್ನು ಬಿಡಬಾರದು. ಮಿತಿಯು ಎಂ.ಸಿ.ಬಿ.ಯ ಅಂಕೆಗಿಂತ ಕಡಮೆಯಿರತಕ್ಕದ್ದು.

2. ಲೈನೂ ಜನರೇಟರೂ ಎಂದಿಗೂ ಒಂದುಗೂಡದಂತೆ ಚೇಂಜ್‌ಓವರ್ ಸ್ವಿಚ್ಚನ್ನು ಹಾಕಿಸತಕ್ಕದ್ದು. ಇಲ್ಲವಾದರೆ ಕಂಬದ ಮೇಲೆ ಕೆಲಸಮಾಡುವವನ ಪ್ರಾಣಕ್ಕೇ ಅಪಾಯ.

3. ಮೋಟಾರು ಹೊರಡುವಾಗ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುವುದು. ಮೇವು ಕತ್ತರಿಸುವ ಯಂತ್ರವನ್ನು ಹೀಟರು ನಡೆಯುತ್ತಿರುವಾಗ ಹೂಡಬಾರದು. ಕೊಳವೆಬಾವಿಯ ಪಂಪನ್ನು ಇಂಥ ಮನೆಯ ಇನ್ವರ್ಟರಿಗೆ ಸೇರಿಸಲೇಬಾರದು.

4. ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸಿ, ಕ್ಲಾಂಪ್ ಮೀಟರಿನಿಂದ ಮೊದಲು ಮನೆಯ ಹೊರೆಯನ್ನೂ, ಅನಂತರ ಬ್ಯಾಟರಿಯೂ ಸೇರಿದ ಹೊರೆಯನ್ನೂ ಅಳೆಯಿಸಿ, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು.

ಈ ಪರೀಕ್ಷೆಗೆ ಒಂದು ಹಗಲು ಸಾಕು. ಚಾಕಿ ಕಟ್ಟುವುದಕ್ಕೆ ಮುಂಚೆಯೇ ಇದನ್ನು ನಡೆಸತಕ್ಕದ್ದು. ಹುಳು ತಟ್ಟೆಯ ಮೇಲಿರುವಾಗ ನಡುರಾತ್ರಿಯಲ್ಲಿ ನಡೆಸುವ ಕೆಲಸ ಇದಲ್ಲ. ಗ್ರಾಮದ ಮುಖಂಡರು ತಮ್ಮ ಮನೆಯಲ್ಲಿ ಮೊದಲು ಇದನ್ನು ಮಾಡಿ ತೋರಿಸಿದರೆ, ಅದೇ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಪಡೆಯುವ ನೆರೆಯವರಿಗೂ ಉಪಕಾರವಾಗುವುದು.